ಟಿಟಿ ಬ್ಲೇಡ್ ಆರಿಸುವುದು ಹೇಗೆ? ಸ್ಪೀಡ್, ಕಂಟ್ರೋಲ್, ಫೀಲ್‌ಗಳ ಲೆಕ್ಕ

"ಸರ್, ಯಾವ ಬ್ಲೇಡ್ ತಗೊಳ್ಳಲಿ?" ಟೇಬಲ್ ಟೆನ್ನಿಸ್ (ಟಿಟಿ) ಬ್ಯಾಟಿನ ಬಗ್ಗೆ ವಾರಕ್ಕೊಮ್ಮೆಯಾದರೂ ಯಾರಾದರೊಬ್ಬರು ಇದನ್ನು ಕೇಳುತ್ತಾರೆ. ಮಗಳು ಕೋಚಿಂಗಿಗೆ ಸೇರಿ ಆರು ತಿಂಗಳಾಯಿತು, ರೆಡಿಮೇಡ್ ಬ್ಯಾಟ್ ಬಿಟ್ಟು ಬೇರೆ ಮಾಡಿಸಿ ಎಂದು ಕೋಚ್ ಹೇಳಿದ್ದಾರೆ ಎನ್ನುವ ಅಪ್ಪ ಅಮ್ಮಂದಿರು ಒಂದು ಕಡೆ. ಬೆಂಗಳೂರಿನ ಅರ್ಚನಾ ಕಾಮತ್ 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಭಾರತ ತಂಡಕ್ಕೆ ಆಡಿದ್ದನ್ನು ನೋಡಿದ ಮೇಲೆ ಇಂಥವರ ಫೋನು ಇನ್ನೂ ಹೆಚ್ಚಾಗಿದೆ. ಕಾಲೇಜಿನಲ್ಲಿ ಆಡಿ, ಹದಿನೈದು ವರ್ಷ ಬಿಟ್ಟು, ಈಗ ಅಪಾರ್ಟ್‌ಮೆಂಟಿನ ಕ್ಲಬ್‌ಹೌಸಿನಲ್ಲಿ ಮತ್ತೆ ಬ್ಯಾಟ್ ಹಿಡಿದವರು ಇನ್ನೊಂದು ಕಡೆ. ಈಗಾಗಲೇ ನಾಲ್ಕು ಬ್ಲೇಡ್ ಕೊಂಡು ಐದನೆಯದನ್ನು ಹುಡುಕುತ್ತಿರುವವರೂ ಇದ್ದಾರೆ. ಇವರೆಲ್ಲರಿಗೂ ಒಂದೇ ಬ್ಲೇಡಿನ ಹೆಸರು ಹೇಳಲು ಬರುವುದಿಲ್ಲ. ಆರಿಸುವ ದಾರಿಯನ್ನು ಹೇಳಬಹುದು, ಅದನ್ನೇ ಇಲ್ಲಿ ಬರೆದಿದ್ದೇನೆ.

ಹೊಸಬರಿಗಾಗಿ ಒಂದು ಮಾತು. ಬ್ಲೇಡ್ ಅಂದರೆ ರಬ್ಬರ್ ಅಂಟಿಸುವ ಮೊದಲಿನ ಬರೀ ಮರ, ಹಿಡಿಯೂ ಸೇರಿ. ಅದರ ಎರಡು ಬದಿಗೆ ಎರಡು ರಬ್ಬರ್ ಅಂಟಿಸಿದರೆ ಬ್ಯಾಟ್ ಆಯಿತು. ವಾರಕ್ಕೆ ಮೂರು ನಾಲ್ಕು ದಿನ ಆಡುವವರ ರಬ್ಬರ್ ಆರು ತಿಂಗಳಿಂದ ಒಂದು ವರ್ಷದೊಳಗೆ ಸವೆದುಹೋಗುತ್ತದೆ. ಬ್ಲೇಡ್ ಜೋಪಾನವಾಗಿಟ್ಟರೆ ಹತ್ತು ವರ್ಷವೂ ಬಾಳುತ್ತದೆ. ಅಷ್ಟು ಕಾಲ ಕೈಯಲ್ಲಿರುವ ವಸ್ತುವನ್ನು ಹತ್ತು ನಿಮಿಷದಲ್ಲಿ ಆನ್‌ಲೈನಿನಲ್ಲಿ ಆರ್ಡರ್ ಮಾಡಬೇಡಿ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ಕ್ಲಬ್ಬುಗಳಲ್ಲಿ ನೋಡುವ ಹೆಚ್ಚಿನವರು ತಮ್ಮ ಕೈಗೆ ನಿಭಾಯಿಸಲು ಆಗದಷ್ಟು ಜೋರಾದ ಬ್ಲೇಡಿನಲ್ಲಿ ಆಡುತ್ತಿದ್ದಾರೆ. ಚೆಂಡು ತಾಗಿದ ಕ್ಷಣ ಏನಾಯಿತು ಎಂದು ಅಂಗೈಗೆ ತಿಳಿಸುವ ಬ್ಲೇಡಿನಲ್ಲಿ ಆಟ ಬೆಳೆಯುತ್ತದೆ. ಆ ಸುದ್ದಿ ಅಂಗೈಗೆ ಮುಟ್ಟದಿದ್ದರೆ ಅದೇ ತಪ್ಪು ವರ್ಷಗಟ್ಟಲೆ ಮುಂದುವರಿಯುತ್ತದೆ.

ಕೈಯಲ್ಲಿ ಇರಬೇಕಾದದ್ದು

ಒಂದು ಗ್ರಾಂವರೆಗೆ ತೋರಿಸುವ ಅಡುಗೆಮನೆಯ ಡಿಜಿಟಲ್ ತಕ್ಕಡಿ, ಒಂದು ಟಿಟಿ ಬಾಲ್, ಒಂದು ಸ್ಕೇಲು, ವಿಡಿಯೋ ತೆಗೆಯಲು ಫೋನು, ಬರೆದಿಡಲು ಒಂದು ಪುಸ್ತಕ. ಜೊತೆಗೆ ಎರಡು ವಾರದ ತಾಳ್ಮೆ.

ಹಂತ 1: ನಿಮ್ಮ ಆಟವನ್ನು ವಿಡಿಯೋದಲ್ಲಿ ನೋಡಿ

ಟೇಬಲಿನ ಹಿಂದೆ ಒಂದು ಕುರ್ಚಿಯ ಮೇಲೆ ಫೋನ್ ಇಟ್ಟು ಮೂರು ಪಂದ್ಯ ರೆಕಾರ್ಡ್ ಮಾಡಿ. ಮನೆಗೆ ಬಂದು ಪುಸ್ತಕದಲ್ಲಿ ಗೆರೆ ಎಳೆದು ತಪ್ಪುಗಳನ್ನು ಮಾತ್ರ ಎಣಿಸಿ. ನೆಟ್‌ಗೆ ಹೋದದ್ದೆಷ್ಟು, ಟೇಬಲ್ ದಾಟಿ ಹೋದದ್ದೆಷ್ಟು, ಎದುರಾಳಿ ಬಾರಿಸುವ ಹಾಗೆ ಎತ್ತರಕ್ಕೆ ಎದ್ದದ್ದೆಷ್ಟು? ಯಾವ ಹೊಡೆತದಲ್ಲಿ ಹಾಗಾಯಿತು ಎಂಬುದನ್ನೂ ಪಕ್ಕದಲ್ಲಿ ಬರೆಯಿರಿ.

ಹೊಡೆತಗಳ ಹೆಸರು ಗೊತ್ತಿಲ್ಲದವರಿಗೆ: ಪುಶ್ ಅಂದರೆ ಚೆಂಡಿನ ಕೆಳಗೆ ಬ್ಯಾಟ್ ಹಾಕಿ ಮೆಲ್ಲಗೆ ತಳ್ಳುವುದು, ರಿಸೀವ್ ಅಂದರೆ ಎದುರಾಳಿಯ ಸರ್ವಿಸನ್ನು ವಾಪಸ್ ಆಡುವುದು, ಬ್ಲಾಕ್ ಅಂದರೆ ಜೋರಾಗಿ ಬಂದ ಚೆಂಡಿಗೆ ಬ್ಯಾಟ್ ಅಡ್ಡ ಹಿಡಿಯುವುದು, ಲೂಪ್ ಅಂದರೆ ಚೆಂಡನ್ನು ಮೇಲ್ಮುಖವಾಗಿ ಉಜ್ಜಿ ಮುಂದಕ್ಕೆ ತಿರುಗುವ ಸ್ಪಿನ್ (ಟಾಪ್‌ಸ್ಪಿನ್) ಕೊಡುವುದು. ಈ ಎಣಿಕೆಯನ್ನು ಓದುವುದು ಹೀಗೆ. ಪುಶ್ ಉದ್ದವಾಗಿ ಹೋಗುತ್ತಿದೆ, ಸರ್ವಿಸ್ ರಿಸೀವ್ ಎದ್ದು ನಿಲ್ಲುತ್ತಿದೆ, ಬ್ಲಾಕ್ ಟೇಬಲ್ ದಾಟುತ್ತಿದೆ, ಆದರೆ ಪೂರ್ತಿ ಕೈ ಬೀಸಿ ಮಾಡಿದ ಲೂಪ್ ಸರಿಯಾಗಿ ಬೀಳುತ್ತಿದೆ ಅಂದರೆ, ಬ್ಲೇಡ್ ನಿಮಗೆ ಜಾಸ್ತಿಯಾಗಿರುವ ಸಾಧ್ಯತೆ ಹೆಚ್ಚು. ಮೆಲ್ಲಗೆ ತಾಗಿದ ಚೆಂಡನ್ನೂ ಅದು ಚಿಮ್ಮಿಸುತ್ತಿದೆ. ಇದಕ್ಕೆ ಉಲ್ಟಾ, ಹತ್ತಿರದ ಆಟವೆಲ್ಲ ಚೆನ್ನಾಗಿದ್ದು, ಟೇಬಲಿನಿಂದ ಎರಡು ಹೆಜ್ಜೆ ಹಿಂದೆ ಸರಿದಾಗ ಪೂರ್ತಿ ಶಕ್ತಿ ಹಾಕಿದರೂ ಚೆಂಡು ಎದುರಾಳಿಯ ಟೇಬಲಿನ ನಡುವಲ್ಲೇ ಬೀಳುತ್ತಿದ್ದರೆ ಬ್ಲೇಡ್ ಸಾಲುತ್ತಿಲ್ಲ. ನೆಟ್‌ಗೂ ಹೋಗುತ್ತಿದೆ, ಹೊರಗೂ ಹೋಗುತ್ತಿದೆ, ಎಲ್ಲ ಹೊಡೆತದಲ್ಲೂ ಹೀಗೇ ಆಗುತ್ತಿದೆ ಅಂದರೆ ಅದು ಬ್ಲೇಡಿನ ವಿಷಯವಲ್ಲ. ಆ ದುಡ್ಡನ್ನು ಕೋಚಿಂಗಿಗೆ ಕೊಡಿ.

*ಎಚ್ಚರಿಕೆ:* ಮುಂದೆ ಹೇಗೆ ಆಡಬೇಕೆಂದಿದ್ದೀರೋ ಆ ಆಟಕ್ಕೆ ಬ್ಲೇಡ್ ಕೊಳ್ಳಬೇಡಿ. ವಿಡಿಯೋದಲ್ಲಿ ಕಾಣುವ ಆಟಕ್ಕೆ ಕೊಳ್ಳಿ.

ಹಂತ 2: ಮೂರು ಪದಗಳ ಅರ್ಥ ತಿಳಿದುಕೊಳ್ಳಿ

ಸ್ಪೀಡ್ ಅಂದರೆ ಬ್ಲೇಡ್ ಚೆಂಡನ್ನು ಎಷ್ಟು ಜೋರಾಗಿ ವಾಪಸ್ ಕಳಿಸುತ್ತದೆ ಎಂಬುದು. ಇದನ್ನು ಮುಖ್ಯವಾಗಿ ತೀರ್ಮಾನಿಸುವುದು ಮರದ ಬಿಗಿತ. ಚೆಂಡಿನ ತೂಕ 2.7 ಗ್ರಾಂ ಮಾತ್ರ, ಅದು ಬ್ಯಾಟಿನ ಮೇಲೆ ಇರುವುದು ಸೆಕೆಂಡಿನ ಸಾವಿರದಲ್ಲಿ ಒಂದು ಭಾಗದಷ್ಟು ಹೊತ್ತು. ಅಷ್ಟರಲ್ಲಿ ಮರ ಬಳುಕಿದರೆ ಚೆಂಡಿನ ಶಕ್ತಿಯಲ್ಲಿ ಸ್ವಲ್ಪ ಪಾಲು ಮರದ ನಡುಕಕ್ಕೆ ಹೋಗುತ್ತದೆ, ಚೆಂಡು ಮೆಲ್ಲಗೆ ಹೊರಡುತ್ತದೆ. ಮರ ಬಳುಕದಿದ್ದರೆ ಆ ಪಾಲು ಚೆಂಡಿಗೇ ವಾಪಸ್ ಸಿಗುತ್ತದೆ.

ಫೀಲ್ ಎಂದು ಆಟಗಾರರು ಕರೆಯುವುದು ಈ ನಡುಕವನ್ನೇ. ಬಳುಕುವ ಬ್ಲೇಡಿನಲ್ಲಿ ಚೆಂಡು ನಡುವಿಗೆ ತಾಗಿತೋ, ತುದಿಗೆ ತಾಗಿತೋ, ಚೆಂಡನ್ನು ಉಜ್ಜಿದಿರೋ, ಬರೀ ತಟ್ಟಿದಿರೋ ಎಂಬುದು ಬೆರಳಿಗೆ ಸ್ಪಷ್ಟವಾಗಿ ಗೊತ್ತಾಗುತ್ತದೆ. ಕಾರ್ಬನ್ ನಾರು ಹಾಕಿದ ಗಡುಸು ಬ್ಲೇಡಿನಲ್ಲಿ ಈ ಸುದ್ದಿ ಮಂಕಾಗುತ್ತದೆ. ಅದಕ್ಕೆ ಪ್ರತಿಯಾಗಿ ಬ್ಲೇಡಿನ ಒಂದು ದೊಡ್ಡ ಭಾಗ ಒಂದೇ ರೀತಿ ಚಿಮ್ಮಿಸುತ್ತದೆ. ಇದನ್ನು ಸ್ವೀಟ್ ಸ್ಪಾಟ್ ದೊಡ್ಡದು ಎನ್ನುತ್ತಾರೆ, ಅಂದರೆ ಚೆಂಡು ಸರಿಯಾಗಿ ಹೊರಡುವ ಜಾಗ ಅಗಲವಾಗಿದೆ ಎಂದು.

ಕಂಟ್ರೋಲ್ ಅನ್ನುವುದು ಮರದಲ್ಲಿ ಬೇರೆಯಾಗಿ ಕೂತಿರುವ ಗುಣವಲ್ಲ. ನೀವು ಅಂದುಕೊಂಡಷ್ಟೇ ಚೆಂಡು ಹೋಗುತ್ತದೆ ಎಂಬ ಭರವಸೆಯೇ ಕಂಟ್ರೋಲ್. ನಿಮ್ಮ ಕೈಯ ವೇಗಕ್ಕೂ ಬ್ಲೇಡಿನ ವೇಗಕ್ಕೂ ಹೊಂದಾಣಿಕೆ ಆದಾಗ ಅದು ಬರುತ್ತದೆ. ಹಾಗಾಗಿಯೇ ಡಬ್ಬಿಯ ಮೇಲೆ "ಕಂಟ್ರೋಲ್ 9.2" ಎಂದು ಬರೆದಿರುವ ಅಂಕಿಯನ್ನು ನಾನು ನೋಡುವುದೇ ಇಲ್ಲ. ಪ್ರತಿ ಕಂಪನಿಯೂ ತನ್ನದೇ ಅಳತೆಗೋಲಿನಲ್ಲಿ ಬರೆಯುತ್ತದೆ, ಒಂದರ 8 ಇನ್ನೊಂದರ 9ಕ್ಕಿಂತ ಜೋರಾಗಿರಬಹುದು.

ಡಬ್ಬಿಯ ಮೇಲಿನ ಇನ್ನೊಂದು ಬರಹ ಸ್ವಲ್ಪ ಉಪಯೋಗಕ್ಕೆ ಬರುತ್ತದೆ. ಡಿಫೆನ್ಸ್, ಆಲ್‌ರೌಂಡ್, ಆಫೆನ್ಸ್ ಎಂಬ ವರ್ಗಗಳು, ಅವುಗಳ ಮುಂದೆ ಪ್ಲಸ್ ಅಥವಾ ಮೈನಸ್. ನಿಧಾನದಿಂದ ಜೋರಿನ ಕಡೆಗೆ ಈ ಸಾಲು ಹೋಗುತ್ತದೆ. ಇದೂ ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ, ಆದರೆ ದಿಕ್ಕು ತೋರಿಸುವಷ್ಟು ನಂಬಬಹುದು.

ಹಂತ 3: ಬ್ಲೇಡಿನ ಅಂಚನ್ನು ಓದಲು ಕಲಿಯಿರಿ

ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ, ಏಕೆಂದರೆ ಅಂಗಡಿಯಲ್ಲಿ ಮೋಸ ಹೋಗದಿರಲು ಇದೇ ದಾರಿ.

ಬ್ಲೇಡನ್ನು ಅಡ್ಡ ಹಿಡಿದು ಅಂಚನ್ನು ಬೆಳಕಿಗೆ ತಿರುಗಿಸಿ. ಬೇರೆ ಬೇರೆ ಬಣ್ಣದ ಗೆರೆಗಳು ಕಾಣುತ್ತವೆ. ಒಂದೊಂದು ಗೆರೆಯೂ ಒಂದೊಂದು ಪದರ, ಆಟಗಾರರ ಮಾತಿನಲ್ಲಿ ಪ್ಲೈ. 5 ಪ್ಲೈ ಬ್ಲೇಡಿನಲ್ಲಿ ನಡುವೆ ಒಂದು ದಪ್ಪ ಪದರ, ಅದರ ಆಚೆ ಈಚೆ ಎರಡು ತೆಳು ಪದರ, ಹೊರಗೆ ಎರಡು ತೆಳು ಪದರ ಇರುತ್ತವೆ. 7 ಪ್ಲೈ ಸಾಮಾನ್ಯವಾಗಿ ಇನ್ನೂ ದಪ್ಪ, ಇನ್ನೂ ಗಟ್ಟಿ.

ನಡುವಿನ ದಪ್ಪ ಪದರ ಬಹಳ ಬ್ಲೇಡುಗಳಲ್ಲಿ ಅಯೂಸ್ ಎಂಬ ಆಫ್ರಿಕಾದ ಹಗುರ ಮರದ್ದು. ಇನ್ನು ಕೆಲವಲ್ಲಿ ಕಿರಿ ಎಂಬ ಮರ, ಅಯೂಸ್‌ಗಿಂತಲೂ ಹಗುರ, ಸ್ವಲ್ಪ ಟೊಳ್ಳು ಸದ್ದು. ಹೊರಪದರ ಚೆಂಡಿನ ಮೊದಲ ಸ್ಪರ್ಶವನ್ನು ತೀರ್ಮಾನಿಸುತ್ತದೆ. ಲಿಂಬಾ ಮರ ಮೆತ್ತಗೆ, ಚೆಂಡನ್ನು ಒಂದು ಗಳಿಗೆ ಹಿಡಿದುಕೊಂಡ ಹಾಗೆ ಅನಿಸುತ್ತದೆ, ಸ್ಪಿನ್ ಕಲಿಯುವವರಿಗೆ ಒಳ್ಳೆಯದು. ಕೊಟೊ ಗಟ್ಟಿ, ಸ್ಪರ್ಶ ಚುರುಕು, ಚೆಂಡು ಬೇಗ ಹೊರಡುತ್ತದೆ. ಹಿನೋಕಿ ಜಪಾನಿನ ಸೈಪ್ರಸ್ ಮರ. ಮುಟ್ಟಿದರೆ ಮೆತ್ತಗೆ, ಹೊಡೆದರೆ ಜೋರು. ಜಪಾನಿನ ಪೆನ್‌ಹೋಲ್ಡ್ ಆಟಗಾರರು, ಅಂದರೆ ಪೆನ್ನಿನ ಹಾಗೆ ಬ್ಯಾಟ್ ಹಿಡಿಯುವವರು, ಈ ಮರದ ಒಂದೇ ದಪ್ಪ ತುಂಡಿನ ಬ್ಲೇಡನ್ನು ಬಳಸುತ್ತ ಬಂದಿದ್ದಾರೆ.

ಈಗ ನಾರು. ಅಂಚಿನಲ್ಲಿ ಕಪ್ಪು ಅಥವಾ ಬಣ್ಣದ ಎಳೆಯಂಥ ಗೆರೆ ಕಂಡರೆ ಅದು ನಾರಿನ ಪದರ. ಬರೀ ಕಾರ್ಬನ್ ಇದ್ದರೆ ತುಂಬ ಗಡುಸು. ಕಾರ್ಬನ್ ಜೊತೆ ಆರಿಲೇಟ್ ಎಂಬ ಮೆತ್ತಗಿನ ನಾರನ್ನು ನೇಯ್ದಿದ್ದರೆ ನಡುಕ ಕಡಿಮೆ, ವೇಗ ಸಾಕಷ್ಟು, ಇದನ್ನೇ ಎಎಲ್‌ಸಿ ಎನ್ನುತ್ತಾರೆ. ಕಾರ್ಬನ್ ಜೊತೆ ಜೈಲಾನ್ ಎಂಬ ನಾರು ಸೇರಿದ್ದು ಜೆಡ್‌ಎಲ್‌ಸಿ, ಅದು ಇನ್ನೂ ಜೋರು.

ನಾರು ಎಲ್ಲಿ ಕೂತಿದೆ ಎಂಬುದು ಅದು ಯಾವ ನಾರು ಎಂಬಷ್ಟೇ ಮುಖ್ಯ. ಹೊರಪದರದ ಕೆಳಗೇ ಇದ್ದರೆ ಮೆಲ್ಲಗೆ ತಾಗಿದ ಚೆಂಡಿಗೂ ನಾರಿನ ಗಡುಸು ತಟ್ಟುತ್ತದೆ. ಬಟರ್‌ಫ್ಲೈ ಕಂಪನಿಯ ವಿಸ್ಕಾರಿಯಾ, ಟಿಮೊ ಬಾಲ್ ಎಎಲ್‌ಸಿ ಈ ಜಾತಿಯವು. ನಡುವಿನ ಪದರಕ್ಕೆ ಅಂಟಿಕೊಂಡಿದ್ದರೆ ಮೆಲ್ಲಗೆ ಆಡುವಾಗ ಮರದ ಬ್ಲೇಡಿನ ಹಾಗೆ ಇರುತ್ತದೆ, ಜೋರಾಗಿ ಹೊಡೆದಾಗ ಮಾತ್ರ ನಾರು ಕೆಲಸಕ್ಕೆ ಬರುತ್ತದೆ. ಬಟರ್‌ಫ್ಲೈನ ಇನ್ನರ್‌ಫೋರ್ಸ್ ಲೇಯರ್ ಎಎಲ್‌ಸಿ ಮತ್ತು ಚೀನಾದ ಆಟಗಾರ ಮಾ ಲಾಂಗ್ ಹೆಸರಿನಲ್ಲಿ ಡಿಎಚ್‌ಎಸ್ ಕಂಪನಿ ತಯಾರಿಸುವ ಹರಿಕೇನ್ ಲಾಂಗ್ 5 ಇಂಥವು. ಮರದಿಂದ ನಾರಿಗೆ ದಾಟಬೇಕೆನ್ನುವವರು ಈ ಎರಡನೆಯ ಜಾತಿಯಿಂದ ಶುರುಮಾಡುವುದು ಒಳ್ಳೆಯದು ಎಂಬುದು ನನ್ನ ಖಚಿತ ಅಭಿಪ್ರಾಯ.

ದಪ್ಪವನ್ನೂ ಅಳೆಯಿರಿ. ಆಲ್‌ರೌಂಡ್ ಬ್ಲೇಡುಗಳು 5.5 ಮಿಲಿಮೀಟರ್ ಆಸುಪಾಸು, 7 ಪ್ಲೈನವು 6ರಿಂದ 7 ಮಿಲಿಮೀಟರ್. ಅರ್ಧ ಮಿಲಿಮೀಟರಿನಲ್ಲಿ ಏನಿದೆ ಅನ್ನಬೇಡಿ. ಹಲಗೆಯ ಬಿಗಿತ ಅದರ ದಪ್ಪದ ಘನಕ್ಕೆ ತಕ್ಕಂತೆ ಏರುತ್ತದೆ. ಅದೇ ಮರ 5.5ರಿಂದ 6 ಮಿಲಿಮೀಟರ್ ಆದರೆ ದಪ್ಪ ಏರಿದ್ದು ನೂರಕ್ಕೆ 9ರಷ್ಟು, ಬಿಗಿತ ಏರಿದ್ದು ಹತ್ತಿರ ಹತ್ತಿರ 30ರಷ್ಟು. ಕೈಗೆ ಇದು ಮೊದಲ ಹೊಡೆತದಲ್ಲೇ ಗೊತ್ತಾಗುತ್ತದೆ.

ನಿಯಮದ ಬಗ್ಗೆ ಹೆತ್ತವರು ಕೇಳುತ್ತಿರುತ್ತಾರೆ. ಅಂತರರಾಷ್ಟ್ರೀಯ ನಿಯಮದ ಪ್ರಕಾರ ಬ್ಲೇಡಿನ ದಪ್ಪದಲ್ಲಿ ನೂರಕ್ಕೆ 85 ಭಾಗವಾದರೂ ನೈಸರ್ಗಿಕ ಮರವೇ ಇರಬೇಕು. ಒಂದೊಂದು ನಾರಿನ ಪದರವೂ ಒಟ್ಟು ದಪ್ಪದಲ್ಲಿ ನೂರಕ್ಕೆ 7.5 ಭಾಗ ಅಥವಾ 0.35 ಮಿಲಿಮೀಟರ್, ಇವೆರಡರಲ್ಲಿ ಯಾವುದು ಕಡಿಮೆಯೋ ಅದನ್ನು ಮೀರಬಾರದು. ಗಾತ್ರಕ್ಕೂ ಆಕಾರಕ್ಕೂ ತೂಕಕ್ಕೂ ಮಿತಿ ಇಲ್ಲ. ಸ್ವೀಡನ್ನಿನ ಟ್ರುಲ್ಸ್ ಮೊರೆಗಾರ್ಡ್ ಮೂಲೆ ಮೂಲೆಯಾಗಿ ಕತ್ತರಿಸಿದಂತಿರುವ ಬ್ಲೇಡ್ ಹಿಡಿದೇ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಬೆಳ್ಳಿ ಗೆದ್ದರು.

ಹಂತ 4: ಆಟಕ್ಕೆ ತಕ್ಕ ವರ್ಗಕ್ಕೆ ಬನ್ನಿ

ಕಲಿಕೆಯ ಮೊದಲ ಎರಡು ವರ್ಷದವರು, ಮಕ್ಕಳು, ಬಹಳ ವರ್ಷದ ನಂತರ ವಾಪಸ್ ಬಂದವರು: 5 ಪ್ಲೈ, ಪೂರ್ತಿ ಮರ, ಆಲ್‌ರೌಂಡ್ ವರ್ಗ. ಸ್ಟಿಗಾ ಆಲ್‌ರೌಂಡ್ ಕ್ಲಾಸಿಕ್, ಡೋನಿಕ್ ಆ್ಯಪೆಲ್‌ಗ್ರೆನ್ ಆಲ್‌ಪ್ಲೇ, ಯಸಾಕಾ ಸ್ವೀಡನ್ ಕ್ಲಾಸಿಕ್ ದಶಕಗಳಿಂದ ಜನ ಕಲಿತು ಬಂದ ಬ್ಲೇಡುಗಳು. ಇವುಗಳಲ್ಲಿ ಯಾವುದು ಸಿಕ್ಕರೂ ತಪ್ಪಿಲ್ಲ. ಒಂದು ಎಎಲ್‌ಸಿ ಬ್ಲೇಡಿನ ಬೆಲೆಯಲ್ಲಿ ಇಂಥದೊಂದು ಬ್ಲೇಡು, ಎರಡು ಒಳ್ಳೆಯ ರಬ್ಬರು ಬಂದು ಇನ್ನೂ ಸ್ವಲ್ಪ ಉಳಿಯುತ್ತದೆ.

ಟಾಪ್‌ಸ್ಪಿನ್ ಸರಾಗವಾಗಿ ಬರುತ್ತದೆ, ಲೂಪ್ ಹೊಡೆದು ಪಾಯಿಂಟ್ ಗೆಲ್ಲುವವರು ನೀವಾಗಿದ್ದರೆ ಒಂದು ಮೆಟ್ಟಿಲು ಮೇಲಿನ 5 ಪ್ಲೈ ನೋಡಿ. ಬಟರ್‌ಫ್ಲೈ ಕೊರ್ಬೆಲ್, ಯಸಾಕಾ ಸ್ವೀಡನ್ ಎಕ್ಸ್‌ಟ್ರಾ, ಟಿಬಾರ್ ಸ್ಟ್ರಾಟಸ್ ಪವರ್‌ವುಡ್, ನಿಟ್ಟಾಕು ಅಕೌಸ್ಟಿಕ್. ಊರು, ಜಿಲ್ಲಾ ಮಟ್ಟದಲ್ಲಿ ಆಡುವ ಹೆಚ್ಚಿನವರಿಗೆ ಜೀವಮಾನಕ್ಕೆ ಇದೇ ಸಾಕು ಎಂದು ಧೈರ್ಯವಾಗಿ ಹೇಳುತ್ತೇನೆ.

ಟೇಬಲಿಗೆ ಅಂಟಿಕೊಂಡು ನಿಂತು ಬ್ಲಾಕ್ ಮಾಡುವ, ಚಪ್ಪಟೆಯಾಗಿ ಬಾರಿಸುವ ಆಟಕ್ಕೆ 7 ಪ್ಲೈ ಮರ ಹೊಂದುತ್ತದೆ. ಸ್ಟಿಗಾ ಕ್ಲಿಪ್ಪರ್ ಅದರ ಹಳೆಯ ಉದಾಹರಣೆ. ಎದುರಾಳಿಯ ಜೋರಿಗೆ ಬ್ಲೇಡ್ ನಡುಗುವುದಿಲ್ಲ.

ಟೇಬಲಿನಿಂದ ದೂರ ನಿಂತು ಚಾಪ್ ಮಾಡುವವರಿಗೆ, ಅಂದರೆ ಕೆಳಕ್ಕೆ ಕತ್ತರಿಸಿ ಹಿಂದಕ್ಕೆ ತಿರುಗುವ ಸ್ಪಿನ್ ಕೊಡುವವರಿಗೆ, ಅಗಲ ಮುಖದ ನಿಧಾನ ಬ್ಲೇಡ್ ಬೇಕು. ಈ ಆಟ ಹಳೆಯದಾಯಿತು ಅನ್ನುವವರು ದಕ್ಷಿಣ ಕೊರಿಯಾದ ಜೂ ಸೆ ಹ್ಯುಕ್ ಅವರನ್ನು ನೋಡಲಿ. ಚಾಪ್ ಮಾಡುತ್ತಲೇ, ಸಮಯ ಸಿಕ್ಕಾಗ ಫೋರ್‌ಹ್ಯಾಂಡಿನಲ್ಲಿ ಬಾರಿಸುತ್ತಲೇ ಅವರು 2003ರ ಪ್ಯಾರಿಸ್ ವಿಶ್ವ ಚಾಂಪಿಯನ್‌ಷಿಪ್ಪಿನ ಫೈನಲ್ ತಲುಪಿದರು. ಅವರ ಹೆಸರಿನ ಬ್ಲೇಡನ್ನೂ ಬಟರ್‌ಫ್ಲೈ ತಂದಿದೆ.

ಎಎಲ್‌ಸಿ ಯಾರಿಗೆ? ವಾರಕ್ಕೆ ಐದಾರು ದಿನ ತರಬೇತಿ ಇರುವ, ಹೊಡೆತದ ರೂಪ ಗಟ್ಟಿಯಾಗಿರುವ, ಕೋಚ್ ಒಪ್ಪಿರುವ ಆಟಗಾರರಿಗೆ.

*ಎಚ್ಚರಿಕೆ:* ನಾನು ಹತ್ತೊಂಬತ್ತನೆಯ ವಯಸ್ಸಿಗೆ ಚಾಂಪಿಯನ್ ಒಬ್ಬರ ಕೈಯಲ್ಲಿ ನೋಡಿದ ಕಾರ್ಬನ್ ಬ್ಲೇಡನ್ನೇ ಕೊಂಡೆ. ಸ್ಮ್ಯಾಷ್ ಬಾಣದಂತೆ ಹೋಗುತ್ತಿತ್ತು. ಆದರೆ ಪುಶ್ ಎದ್ದು ನಿಲ್ಲುತ್ತದೆ ಎಂಬ ಹೆದರಿಕೆಗೆ ಚೆಂಡಿನ ಕೆಳಗೆ ಬ್ಯಾಟ್ ಹಾಕುವುದನ್ನೇ ಬಿಟ್ಟೆ. ಆ ಅಭ್ಯಾಸ ಸರಿಮಾಡಿಕೊಳ್ಳಲು ಎರಡು ವರ್ಷ ಹಿಡಿಯಿತು.

ಹಂತ 5: ತೂಕ ನೋಡದೆ ದುಡ್ಡು ಕೊಡಬೇಡಿ

ಮರ ಕಾರ್ಖಾನೆಯಲ್ಲಿ ಎರಕ ಹೊಯ್ದು ಬರುವ ವಸ್ತುವಲ್ಲ. ಒಂದೇ ಮಾಡೆಲ್ಲಿನ ಎರಡು ಬ್ಲೇಡು 82 ಗ್ರಾಂ, 91 ಗ್ರಾಂ ಇರಬಹುದು. ಹೆಚ್ಚಿನ ವಯಸ್ಕರಿಗೆ 83ರಿಂದ 89 ಗ್ರಾಂ ಸರಿ. ಹತ್ತು ಹನ್ನೆರಡರ ಮಕ್ಕಳಿಗೆ 80ರ ಆಸುಪಾಸು ಇರಲಿ.

ರಬ್ಬರ್ ಸೇರಿದ ಮೇಲೆ ಲೆಕ್ಕ ಹೀಗೆ ಬರುತ್ತದೆ. ಬ್ಲೇಡ್ 86, ಫೋರ್‌ಹ್ಯಾಂಡ್ ರಬ್ಬರ್ ಕತ್ತರಿಸಿದ ಮೇಲೆ 48, ಬ್ಯಾಕ್‌ಹ್ಯಾಂಡ್ 45, ಅಂಟು ಮತ್ತು ಅಂಚಿನ ಟೇಪಿಗೆ ಮೂರು ನಾಲ್ಕು. ಒಟ್ಟು 183 ಗ್ರಾಂ ಹತ್ತಿರ. ಗಟ್ಟಿ ಸ್ಪಾಂಜಿನ (ಸ್ಪಾಂಜು ಅಂದರೆ ರಬ್ಬರಿನ ಅಡಿಯ ಪದರ) ರಬ್ಬರ್ ಎರಡೂ ಬದಿಗೆ ಹಾಕಿದರೆ ಇದೇ ಬ್ಲೇಡ್ 190 ದಾಟುತ್ತದೆ. ಅಂಗಡಿಯಲ್ಲಿ ಹತ್ತು ಸಲ ಬೀಸಿದಾಗ ಏನೂ ಅನಿಸುವುದಿಲ್ಲ. ಮೂರನೆಯ ಪಂದ್ಯದ ಹೊತ್ತಿಗೆ ಬ್ಯಾಕ್‌ಹ್ಯಾಂಡಿನಿಂದ ಫೋರ್‌ಹ್ಯಾಂಡಿಗೆ ತಿರುಗುವುದು ತಡವಾಗತೊಡಗುತ್ತದೆ, ತಿಂಗಳಾಗುವಷ್ಟರಲ್ಲಿ ಮೊಣಕೈ ನೋಯತೊಡಗುತ್ತದೆ.

ಒಟ್ಟು ತೂಕ ಒಂದೇ ಇದ್ದರೂ ಭಾರ ತಲೆಯ ಕಡೆ ಇದೆಯೋ ಹಿಡಿಯ ಕಡೆ ಇದೆಯೋ ಎಂಬುದೂ ಮುಖ್ಯ. ತೋರುಬೆರಳಿನ ಮೇಲೆ ಬ್ಲೇಡನ್ನು ಅಡ್ಡ ಇಟ್ಟು ಸಮತೋಲ ನಿಲ್ಲುವ ಜಾಗ ನೋಡಿ. ಆ ಜಾಗ ಹಿಡಿಯಿಂದ ದೂರ ಹೋದಷ್ಟೂ ಲೂಪಿಗೆ ಬಲ, ರಿಸೀವ್‌ಗೆ ಕಷ್ಟ.

ಆನ್‌ಲೈನಿನಲ್ಲಿ ಕೊಳ್ಳುವವರು ಅಂಗಡಿಯವರಿಗೆ ಮೊದಲೇ ಬರೆಯಿರಿ: "84ರಿಂದ 87 ಗ್ರಾಂ ಒಳಗಿನದು ಇದ್ದರೆ ಮಾತ್ರ ಕಳಿಸಿ, ತಕ್ಕಡಿಯ ಮೇಲಿಟ್ಟ ಫೋಟೋ ಹಾಕಿ." ಟಿಟಿ ಸಾಮಾನನ್ನೇ ಮಾರುವವರು ಇದಕ್ಕೆ ಬೇಸರಿಸುವುದಿಲ್ಲ.

ಹಂತ 6: ಹಿಡಿ

ಫ್ಲೇರ್ಡ್ ಹಿಡಿ ಕೆಳಗೆ ಅಗಲವಾಗುತ್ತದೆ, ಕೈಯಿಂದ ಜಾರುವುದಿಲ್ಲ. ಹೆಚ್ಚಿನವರಿಗೆ ಇದೇ. ಸ್ಟ್ರೇಟ್ ಹಿಡಿ ಉದ್ದಕ್ಕೂ ಒಂದೇ ಅಗಲ. ಫೋರ್‌ಹ್ಯಾಂಡಿಗೂ ಬ್ಯಾಕ್‌ಹ್ಯಾಂಡಿಗೂ ನಡುವೆ ಹಿಡಿತ ತಿರುಗಿಸುವವರಿಗೆ, ದೊಡ್ಡ ಕೈಯವರಿಗೆ ಅನುಕೂಲ. ಅನಾಟಮಿಕ್ ಅಂದರೆ ನಡುವೆ ಉಬ್ಬಿ ಅಂಗೈ ತುಂಬುವಂಥದ್ದು. ಕೆಲವರಿಗೆ ಬಹಳ ಇಷ್ಟ, ಆದರೆ ಹಿಡಿತ ಬದಲಿಸಲು ಬಿಡುವುದಿಲ್ಲ.

ಹೊಸ ಬ್ಲೇಡಿನಲ್ಲಿ ತೋರುಬೆರಳ ಬುಡ ಮತ್ತು ಹೆಬ್ಬೆರಳು ತಾಗುವ ಅಂಚು ಚೂಪಾಗಿರುತ್ತದೆ. ಒಂದು ಗಂಟೆ ಆಡಿದರೆ ಬೊಬ್ಬೆ ಏಳುತ್ತದೆ. ನುಣುಪು ಸ್ಯಾಂಡ್‌ಪೇಪರನ್ನು ಬೆರಳಿಗೆ ಸುತ್ತಿಕೊಂಡು ಆ ಎರಡು ಜಾಗವನ್ನು ಮಾತ್ರ, ಅಂಚಿನ ಚೂಪು ಹೋಗುವಷ್ಟೇ ಉಜ್ಜಿ. ಎರಡು ನಿಮಿಷಕ್ಕೊಮ್ಮೆ ನಿಲ್ಲಿಸಿ ಹಿಡಿದು ನೋಡಿ. ಹೋದ ಮರ ವಾಪಸ್ ಬರುವುದಿಲ್ಲ.

ಹಂತ 7: ತಟ್ಟಿ ನೋಡಿ, ಆಡಿ ನೋಡಿ

ಸಂತೆಯಲ್ಲಿ ಮಡಕೆ ಕೊಳ್ಳುವಾಗ ಬೆರಳ ಗೆಣ್ಣಿನಿಂದ ಬಾರಿಸಿ ನೋಡುತ್ತೇವಲ್ಲ, ಬ್ಲೇಡಿಗೂ ಅದೇ ಪರೀಕ್ಷೆ. ಹಿಡಿಯ ತುದಿಯನ್ನು ಎರಡು ಬೆರಳಲ್ಲಿ ಸಡಿಲವಾಗಿ ಹಿಡಿದು, ಮುಖದ ನಡುವಿಗೆ ಬಾಲನ್ನು ಮೇಲಿಂದ ಬಿಡಿ. ಟಿಣ್ ಎಂಬ ಎತ್ತರದ ಸದ್ದು ಬಂದರೆ ಗಡುಸು, ಜೋರು. ಟೊಕ್ ಎಂಬ ತಗ್ಗಿನ ಸದ್ದು ಬಂದರೆ ಬಳುಕು, ನಿಧಾನ. ಒಮ್ಮೆ ಒಂದೇ ಮಾಡೆಲ್ಲಿನ ಎರಡು 5 ಪ್ಲೈ ಬ್ಲೇಡುಗಳನ್ನು ಹೀಗೆ ತಟ್ಟಿ ನೋಡಿದೆ. ಎರಡೂ 86 ಗ್ರಾಂ, ಎರಡರ ಮೇಲೂ ಅದೇ ಅಂಕಿ. ಒಂದರ ಸದ್ದು ಇನ್ನೊಂದಕ್ಕಿಂತ ಒಂದು ಸ್ವರ ಮೇಲಿತ್ತು. ಅದೇ ರಬ್ಬರ್ ಹಾಕಿ ಆಡಿದಾಗ ಎತ್ತರದ ಸದ್ದಿನದು ಬ್ಲಾಕಿನಲ್ಲಿ ನಿಜವಾಗಿಯೂ ಉದ್ದ ಕಳಿಸುತ್ತಿತ್ತು. ಕಿವಿಯ ಮಾತನ್ನು ಅಂದಿನಿಂದ ನಂಬುತ್ತೇನೆ. ಒಡಕು ಸದ್ದು, ಜುಯ್ ಎಂಬ ಕಂಪನ ಕೇಳಿಸಿದರೆ ಪದರ ಎಲ್ಲೋ ಬಿಟ್ಟಿದೆ ಅಥವಾ ಹಿಡಿ ಸಡಿಲವಾಗಿದೆ, ವಾಪಸ್ ಕೊಡಿ.

ನಕಲಿ ಮಾಲಿನ ಬಗ್ಗೆ ಒಂದು ಮಾತು. ಹೆಸರಾದ ಎಎಲ್‌ಸಿ ಬ್ಲೇಡುಗಳಿಗೆ ನಕಲು ಬಹಳ. ಅರ್ಧ ಬೆಲೆಗೆ ಸಿಗುತ್ತಿದೆ ಅಂದರೆ ಅನುಮಾನಪಡಿ. ಅಂಚಿನಲ್ಲಿ ನಾರಿನ ಗೆರೆ ಉದ್ದಕ್ಕೂ ಸಮವಾಗಿದೆಯೇ, ಪದರಗಳ ನಡುವೆ ಸಂದು ಕಾಣುತ್ತದೆಯೇ, ಹಿಡಿಯ ಮೇಲಿನ ಅಕ್ಷರ, ಲೆನ್ಸ್ (ಹಿಡಿಗೆ ಕೂರಿಸಿದ ಹೆಸರಿನ ಪುಟ್ಟ ಬಿಲ್ಲೆ) ನೇರವಾಗಿವೆಯೇ ನೋಡಿ. ಕಂಪನಿಯ ಅಧಿಕೃತ ಮಾರಾಟಗಾರರ ಬಿಲ್ ಇಲ್ಲದೆ ಇಂಥ ಬ್ಲೇಡ್ ಕೊಳ್ಳಲೇಬೇಡಿ.

ಆಡಿ ನೋಡುವ ಅವಕಾಶ ಸಿಕ್ಕರೆ ಬಿಡಬೇಡಿ. ಕ್ಲಬ್ಬಿನಲ್ಲಿ ಯಾರ ಹತ್ತಿರವಾದರೂ ಆ ಬ್ಲೇಡ್ ಇದ್ದೇ ಇರುತ್ತದೆ, ಒಂದು ಸಂಜೆ ಕೇಳಿ ತೆಗೆದುಕೊಳ್ಳಿ. ಆದರೆ ನೇರ ಪಂದ್ಯ ಆಡಬೇಡಿ. ಈ ಕ್ರಮದಲ್ಲಿ ಹೋಗಿ, ಎಣಿಸುತ್ತ ಹೋಗಿ:

1. ಕಿರು ಸರ್ವಿಸ್ 20. ಎದುರು ಬದಿಯಲ್ಲಿ ಎರಡು ಸಲ ಪುಟಿಯಬೇಕು. ಎಷ್ಟು ಪುಟಿದವು?
2. ಪುಶ್ 30. ನೆಟ್‌ನಿಂದ ಎಷ್ಟು ಎತ್ತರ ಹೋಗುತ್ತಿವೆ ಎಂದು ಪಕ್ಕದಿಂದ ನೋಡಲು ಒಬ್ಬರನ್ನು ನಿಲ್ಲಿಸಿ.
3. ಜೊತೆಗಾರರ ಲೂಪಿಗೆ ಬ್ಲಾಕ್ 30, ಬ್ಯಾಕ್‌ಹ್ಯಾಂಡಿನಲ್ಲಿ.
4. ಕೆಳಸ್ಪಿನ್ ಚೆಂಡಿಗೆ ಫೋರ್‌ಹ್ಯಾಂಡ್ ಲೂಪ್ 30.
5. ಕೊನೆಗೆ, ಎರಡು ಹೆಜ್ಜೆ ಹಿಂದೆ ಸರಿದು ಪೂರ್ತಿ ಬಲದ ಲೂಪ್ 20.

ಮೊದಲ ಮೂರನ್ನು ಯಾವ ಬ್ಲೇಡ್ ಗೆಲ್ಲುತ್ತದೋ ಅದರ ಕಡೆಗೇ ಒಲವಿರಲಿ. ಅಂಗಡಿಯಲ್ಲಿ, ಕ್ಲಬ್ಬಿನಲ್ಲಿ ಎಲ್ಲರೂ ಐದನೆಯದನ್ನು ಮಾತ್ರ ಮಾಡಿ ನೋಡಿ "ಏನ್ ಸ್ಪೀಡು!" ಎಂದು ಕೊಂಡುಬಿಡುತ್ತಾರೆ. ಪಂದ್ಯದಲ್ಲಿ ಪ್ರತಿ ಪಾಯಿಂಟೂ ಸರ್ವಿಸ್, ರಿಸೀವ್‌ನಿಂದ ಶುರುವಾಗುತ್ತದೆ. ಪೂರ್ತಿ ಬಲದ ಲೂಪಿನ ತನಕ ಹೋಗುವ ಪಾಯಿಂಟುಗಳು ಕೆಲವೇ.

*ಎಚ್ಚರಿಕೆ:* ಬ್ಲೇಡ್ ಮತ್ತು ರಬ್ಬರ್ ಎರಡನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತು ಎಂದು ತಿಳಿಯುವುದೇ ಇಲ್ಲ. ಹಳೆಯ ರಬ್ಬರನ್ನೇ ಹೊಸ ಬ್ಲೇಡಿಗೆ ಹಾಕಿ ಒಂದು ತಿಂಗಳು ಆಡಿ.

ಹಂತ 8: ರಬ್ಬರಿನ ಜೊತೆ ಹೊಂದಾಣಿಕೆ

ಇದು ಬೇರೆಯೇ ಲೇಖನದ ವಿಷಯ, ಬ್ಲೇಡಿಗೆ ಬೇಕಾದಷ್ಟು ಹೇಳುತ್ತೇನೆ. ಗಡುಸು ಬ್ಲೇಡಿಗೆ ಮೆತ್ತಗಿನ ಸ್ಪಾಂಜಿನ ರಬ್ಬರ್ ಹಾಕಿದರೆ ಕಳೆದುಹೋದ ಫೀಲ್ ಸ್ವಲ್ಪ ವಾಪಸ್ ಬರುತ್ತದೆ. ಆಲ್‌ರೌಂಡ್ ಬ್ಲೇಡಿಗೆ 1.8 ಅಥವಾ 2.0 ಮಿಲಿಮೀಟರ್ ಸ್ಪಾಂಜಿನ ಯಸಾಕಾ ಮಾರ್ಕ್ ಫೈವ್‌ನಂಥ ರಬ್ಬರ್ ಕಲಿಕೆಗೆ ಒಳ್ಳೆಯ ಜೋಡಿ. ಹರಿಕೇನ್ 3ರಂಥ ಅಂಟು ಮೇಲ್ಮೈಯ ಗಟ್ಟಿ ರಬ್ಬರಿಗೆ ಉದ್ದವಾದ, ವೇಗದ ಕೈ ಬೇಕು. ಅದಿಲ್ಲದವರಿಗೆ ಆ ರಬ್ಬರು ಸತ್ತ ಹಲಗೆಯ ಹಾಗೆ ಅನಿಸುತ್ತದೆ, ಆ ತಪ್ಪನ್ನು ಅವರು ಬ್ಲೇಡಿನ ಮೇಲೆ ಹಾಕುತ್ತಾರೆ.

ಹಂತ 9: ಅಂಟಿಸುವ ಮೊದಲು, ಅಂಟಿಸಿದ ಮೇಲೆ

ಹೊಸ ಬ್ಲೇಡಿನ ಮುಖಕ್ಕೆ ನೀರು ಆಧಾರಿತ ವಾರ್ನಿಷನ್ನು ಬಟ್ಟೆಯ ತುಂಡಿನಿಂದ ಒಂದೇ ಒಂದು ತೆಳು ಸಲ ಸವರಿ, ರಾತ್ರಿ ಪೂರ್ತಿ ಒಣಗಲು ಬಿಡಿ. ಇದನ್ನು ಮಾಡದೆ ಇದ್ದರೆ ರಬ್ಬರ್ ಕೀಳುವಾಗ ಹೊರಪದರದ ಮರ ಸಿಬಿರಾಗಿ ಅದರ ಜೊತೆಗೇ ಎದ್ದು ಬರುತ್ತದೆ. ಎರಡನೆಯ ಸಲ ಸವರಬೇಡಿ, ಹೊರಪದರ ಗಟ್ಟಿಯಾಗಿ ಫೀಲ್ ಬದಲಾಗುತ್ತದೆ.

ಅಂಟೂ ನೀರು ಆಧಾರಿತವಾಗಿರಲಿ. ಪೆಟ್ರೋಲ್ ವಾಸನೆಯ ಹಳೆಯ ಸ್ಪೀಡ್ ಗ್ಲೂ 2008ರಲ್ಲೇ ಅಂತರರಾಷ್ಟ್ರೀಯ ಮಟ್ಟದಲ್ಲಿ ನಿಷೇಧವಾಗಿದೆ, ಮಕ್ಕಳ ಮೂಗಿಗಂತೂ ಅದು ಒಳ್ಳೆಯದಲ್ಲ. ಬ್ಲೇಡಿಗೂ ಸ್ಪಾಂಜಿಗೂ ತೆಳುವಾಗಿ ಸವರಿ, ಬಿಳಿ ಬಣ್ಣ ಹೋಗಿ ಪೂರ್ತಿ ಪಾರದರ್ಶಕ ಆದ ಮೇಲೆ ಮಾತ್ರ ಜೋಡಿಸಿ. ಮಳೆಗಾಲದಲ್ಲಿ ಮಂಗಳೂರು, ಕಾರವಾರದ ಕಡೆ ಇದಕ್ಕೆ ಅರ್ಧ ಗಂಟೆಗಿಂತ ಹೆಚ್ಚು ಬೇಕಾಗಬಹುದು, ಅವಸರ ಮಾಡಿದರೆ ಗುಳ್ಳೆ ನಿಲ್ಲುತ್ತದೆ.

ರಬ್ಬರ್ ಕೀಳುವಾಗ ಹಿಡಿಯ ಹತ್ತಿರದ ಒಂದು ಮೂಲೆಯಿಂದ ಶುರುಮಾಡಿ, ಮೇಲಕ್ಕೆ ಎಳೆಯದೆ ಬ್ಲೇಡಿಗೆ ತಾಗಿಸಿಕೊಂಡೇ ಹಿಂದಕ್ಕೆ ಮಡಚುತ್ತ ನಿಧಾನವಾಗಿ ಸುರುಳಿ ಸುತ್ತಿ. ಎಲ್ಲಾದರೂ ಮರದ ಎಳೆ ಏಳುತ್ತಿದೆ ಎಂದು ಕಂಡರೆ ತಕ್ಷಣ ನಿಲ್ಲಿಸಿ, ಎದುರು ಮೂಲೆಯಿಂದ ಬನ್ನಿ. ಅಂಚಿಗೆ ಟೇಪ್ ಸುತ್ತುವುದನ್ನು ಮರೆಯಬೇಡಿ. ಟೇಬಲಿನ ಮೂಲೆಗೆ ಒಮ್ಮೆ ಜೋರಾಗಿ ಬಡಿದರೆ ಸಾಕು, ಪದರ ಬಿಟ್ಟುಕೊಳ್ಳುತ್ತದೆ.

ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಬ್ಯಾಟನ್ನು ಕಾರಿನ ಡಿಕ್ಕಿಯಲ್ಲಿ ಬಿಡಬೇಡಿ. ಕರಾವಳಿಯವರು ಬ್ಯಾಟ್ ಕೇಸಿನೊಳಗೆ ಶೂ ಡಬ್ಬಿಯಲ್ಲಿ ಸಿಗುವ ಸಿಲಿಕಾ ಜೆಲ್ ಪೊಟ್ಟಣ ಎರಡು ಹಾಕಿಡಿ. ಮರ ತೇವ ಕುಡಿದರೆ ಭಾರವಾಗುತ್ತದೆ, ಸದ್ದು ಮಂಕಾಗುತ್ತದೆ. ಆಟ ಮುಗಿದ ಮೇಲೆ ಹಿಡಿಯ ಬೆವರನ್ನು ಒಣಬಟ್ಟೆಯಲ್ಲಿ ಒರೆಸಿ ಹತ್ತು ನಿಮಿಷ ಗಾಳಿಗೆ ಇಟ್ಟು, ಆಮೇಲೆ ಕೇಸಿಗೆ ಹಾಕಿ.

ಕೊಂಡ ದಿನವೇ ಬ್ಲೇಡಿನ ತೂಕ, ದಪ್ಪ, ತಾರೀಕನ್ನು ಪುಸ್ತಕದಲ್ಲಿ ಬರೆದಿಡಿ. ಫೋನಿನಲ್ಲಿ ತಟ್ಟಿದ ಸದ್ದನ್ನೂ ರೆಕಾರ್ಡ್ ಮಾಡಿಟ್ಟುಕೊಳ್ಳಿ. ಎರಡು ಮೂರು ವರ್ಷದ ಮೇಲೆ ಬ್ಲೇಡ್ ಮೊದಲಿನ ಹಾಗಿಲ್ಲ ಅನಿಸಿದಾಗ ಹಳೆಯ ರಬ್ಬರ್ ಕಿತ್ತು ಮತ್ತೆ ತೂಗಿ, ಮತ್ತೆ ತಟ್ಟಿ. ತೂಕವೂ ಸದ್ದೂ ಅದೇ ಇದ್ದರೆ ಬೇಕಾಗಿರುವುದು ಹೊಸ ರಬ್ಬರ್ ಮಾತ್ರ.